ಚರಂಡಿಗೆ ಜಮಾಬಂದಿ ಇದೆ, ಕನ್ಸಲ್ಟೆಂಟ್ ಬಿಲ್ಲಿಗೆ ಯಾಕಿಲ್ಲ?

ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಜಮಾಬಂದಿ ನಡೆಯಬೇಕು. ಹೊರಗಿನಿಂದ ಒಬ್ಬ ಅಧಿಕಾರಿ ಬರುತ್ತಾರೆ. ಹಿಂದಿನ ವರ್ಷ ಎಷ್ಟು ಹಣ ಬಂತು, ಎಷ್ಟು ಖರ್ಚಾಯಿತು ಎಂದು ಜನರ ಮುಂದೆ ಓದಿ ಹೇಳಬೇಕು. ಯಾವ ಬೀದಿಗೆ ಎಷ್ಟು ಮೀಟರ್ ಚರಂಡಿ, ಎಷ್ಟು ಬೀದಿ ದೀಪ, ಯಾರ ಹೆಸರಿಗೆ ಬಿಲ್ಲು ಎಂದು ನಾವು ಕೇಳಬಹುದು. ಅನುಮಾನ ಬಂದರೆ ಟೇಪು ಹಿಡಿದು ಜಾಗಕ್ಕೇ ಹೋಗಿ ಅಳತೆ ನೋಡಬಹುದು. ಚಾಮರಾಜನಗರಕ್ಕೂ ತಮಿಳುನಾಡು ಗಡಿಗೂ ನಡುವೆ, ಕಾಡಂಚಿನಲ್ಲಿರುವ ನಮ್ಮ ಪುಣಜನೂರಿಗೂ ಇದೇ ನಿಯಮ.

ಈಗ ಬೆಂಗಳೂರಿನ ಒಂದು ಇಲಾಖೆಯನ್ನು ನೆನಪಿಸಿಕೊಳ್ಳಿ. ಅದು ಹೊರಗಿನ ಕನ್ಸಲ್ಟೆಂಟ್ ಕಂಪನಿಯೊಂದಕ್ಕೆ ಕೋಟಿಗಟ್ಟಲೆ ಹಣ ಕೊಟ್ಟು ವರದಿ ಬರೆಸಿಕೊಳ್ಳುತ್ತದೆ. ಆ ವರದಿಯಲ್ಲಿ ಏನಿತ್ತು, ಅದನ್ನು ಯಾರು ಓದಿದರು, ಅದರಿಂದ ಏನು ಬದಲಾಯಿತು ಎಂದು ಜನರ ಮುಂದೆ ಓದಿ ಹೇಳುವ ಜಮಾಬಂದಿ ಎಲ್ಲಿದೆ? ಎರಡು ಲಕ್ಷದ ಚರಂಡಿಗೆ ಲೆಕ್ಕ ಕೇಳುವ ಹಕ್ಕು ನಮಗಿದೆ. ಕೋಟಿಗಳ ಸಲಹೆಗೆ ಲೆಕ್ಕ ಕೇಳುವುದು ಹೇಗೆ? ಇದನ್ನು ತಿಳಿಯಲು ಸುಮಾರು 140 ವರ್ಷ ಹಿಂದಕ್ಕೆ ಹೋಗಿ ಬರಬೇಕು.

ಯಾರು ಈ ಕನ್ಸಲ್ಟೆಂಟ್?

ಮೊದಲು ಪದ ಬಿಡಿಸಿಕೊಳ್ಳೋಣ. ಕನ್ಸಲ್ಟೆಂಟ್ ಎಂದರೆ ಸಲಹೆಗಾರ. ಇವರು ಗುತ್ತಿಗೆದಾರರಲ್ಲ. ಗುತ್ತಿಗೆದಾರ ರಸ್ತೆ ಹಾಕುತ್ತಾನೆ, ಟ್ಯಾಂಕು ಕಟ್ಟುತ್ತಾನೆ. ಎಲ್ಲಿ ರಸ್ತೆ ಬೇಕು, ಎಷ್ಟು ಖರ್ಚಾದೀತು, ಹೇಗೆ ಮಾಡಬೇಕು ಎಂದು ಕಾಗದದ ಮೇಲೆ ಬರೆದು ಕೊಡುವವರು ಕನ್ಸಲ್ಟೆಂಟ್. ನಾವು ಆಗಾಗ ಕೇಳುವ ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿ, ಅವರದೇ ಕೆಲಸ. ಕೆಲವು ಕಡೆ ಇಲಾಖೆಯ ಒಳಗೇ ಕುಳಿತು ಯೋಜನೆ ನೋಡಿಕೊಳ್ಳುವ ತಂಡವನ್ನೂ ಅವರೇ ಕೊಡುತ್ತಾರೆ.

ಚರಂಡಿ ಕಣ್ಣಿಗೆ ಕಾಣುತ್ತದೆ. ಸಿಮೆಂಟು ಕಡಿಮೆಯಾದರೆ ಮಳೆಗಾಲದಲ್ಲಿ ಗೊತ್ತಾಗುತ್ತದೆ. ಸಲಹೆ ಹಾಗಲ್ಲ. ಅದು ಒಂದು ಫೈಲಿನಲ್ಲಿ ಕುಳಿತಿರುತ್ತದೆ. ಒಳ್ಳೆಯದೋ ಕೆಟ್ಟದೋ ತಿಳಿಯಬೇಕಾದರೆ ಫೈಲು ತೆರೆಯಬೇಕು. ಹಾಗಾಗಿ ಈ ಖರ್ಚಿಗೆ ಬೇರೆ ಎಲ್ಲ ಖರ್ಚಿಗಿಂತ ಹೆಚ್ಚು ಬೆಳಕು ಬೇಕು. ಆದರೆ ಬೀಳುತ್ತಿರುವುದು ಕಡಿಮೆ.

ದಸರೆಗೆ ಲೆಕ್ಕ ಓದುತ್ತಿದ್ದ ದಿವಾನರು

1881ರ ಮಾರ್ಚ್‌ನಲ್ಲಿ ಬ್ರಿಟಿಷರು ಮೈಸೂರು ಸಂಸ್ಥಾನವನ್ನು ಒಡೆಯರಿಗೆ ಹಿಂತಿರುಗಿಸಿದರು. 1876ರಿಂದ 78ರವರೆಗಿನ ಭೀಕರ ಬರಗಾಲ ಆಗಷ್ಟೇ ಮುಗಿದಿತ್ತು. ಖಜಾನೆಯ ತಲೆಯ ಮೇಲೆ 80 ಲಕ್ಷ ರೂಪಾಯಿ ಸಾಲ ಇತ್ತು. ಅಂಥ ಹೊತ್ತಿನಲ್ಲಿ ದಿವಾನ್ ಸಿ. ರಂಗಾಚಾರ್ಲು ಒಂದು ಹೊಸ ಕೆಲಸ ಮಾಡಿದರು. ಅದೇ ವರ್ಷ ಅಕ್ಟೋಬರ್ 7ರಂದು, ದಸರೆಯ ಸಮಯದಲ್ಲಿ, ಸಂಸ್ಥಾನದ ನಾನಾ ಕಡೆಯಿಂದ 144 ಮಂದಿಯನ್ನು ಮೈಸೂರಿಗೆ ಕರೆಸಿ ಪ್ರಜಾ ಪ್ರತಿನಿಧಿ ಸಭೆ ನಡೆಸಿದರು. ಬಂದವರು ಹೆಚ್ಚಾಗಿ ಜಮೀನುದಾರರು, ವ್ಯಾಪಾರಿಗಳು. ಆಗ ಚಾಮರಾಜನಗರ, ಗುಂಡ್ಲುಪೇಟೆ ಎರಡೂ ಮೈಸೂರು ಜಿಲ್ಲೆಯ ತಾಲ್ಲೂಕುಗಳು. ನಮ್ಮ ಜಿಲ್ಲೆ ಬೇರೆಯಾದದ್ದು 1997ರಲ್ಲಿ.

ಆ ಸಭೆಯಲ್ಲಿ ದಿವಾನರು ಮಳೆ ಬೆಳೆಯ ಸ್ಥಿತಿ, ಕಂದಾಯ, ರಸ್ತೆ, ರೈಲು, ಖರ್ಚು ಎಲ್ಲವನ್ನೂ ಓದುತ್ತಿದ್ದರು. ಪ್ರತಿ ದಸರೆಗೂ ಇದು ನಡೆಯಿತು. ಭಾಷಣಗಳನ್ನು ಅಚ್ಚು ಹಾಕಿಸಿದರು. ಹಾಗಾಗಿ ಇಂದಿಗೂ ಅವು ಓದಲು ಸಿಗುತ್ತವೆ.

ಅದನ್ನು ಸ್ವರ್ಗ ಎಂದು ನಾವು ಹೇಳುತ್ತಿಲ್ಲ. ಕೂಲಿಯವರಿಗೆ, ಹೆಂಗಸರಿಗೆ, ಕಾಡಿನ ಸೋಲಿಗರಿಗೆ ಅಲ್ಲಿ ಜಾಗ ಇರಲಿಲ್ಲ. ಸದಸ್ಯರು ಅಹವಾಲು ಹೇಳಬಹುದಿತ್ತೇ ಹೊರತು ದಿವಾನರ ಕೈ ಹಿಡಿದು ನಿಲ್ಲಿಸುವ ಅಧಿಕಾರ ಇರಲಿಲ್ಲ. ಆದರೂ ಒಂದು ಪದ್ಧತಿ ಬೇರೂರಿತು. ಅಧಿಕಾರದಲ್ಲಿರುವವರು ವರ್ಷಕ್ಕೊಮ್ಮೆ ಜನರ ಎದುರು ನಿಂತು ಲೆಕ್ಕ ಓದಬೇಕು ಎಂಬುದೇ ಆ ಪದ್ಧತಿ.

ಶಿವನಸಮುದ್ರಕ್ಕೆ ಬಂದ ಹೊರಗಿನವರು

ಹೊರಗಿನ ತಜ್ಞರು ನಮಗೆ ಹೊಸಬರೇನಲ್ಲ. ಕೊಳ್ಳೇಗಾಲದ ಮಗ್ಗುಲಿನ ಶಿವನಸಮುದ್ರವನ್ನೇ ನೋಡಿ. ಕಾವೇರಿ ಜಲಪಾತದಿಂದ ವಿದ್ಯುತ್ ತೆಗೆಯುವ ಯೋಚನೆ ಬಂದಾಗ ಅಂಥ ದೊಡ್ಡ ಕೆಲಸ ಮಾಡಿದ ಅನುಭವ ಸಂಸ್ಥಾನದಲ್ಲಿ ಯಾರಿಗೂ ಇರಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಮೈಸೂರು ಸರ್ಕಾರದ ಎಂಜಿನಿಯರ್ ಆಗಿದ್ದ ಜೋಲಿ ದ ಲೋಬಿನಿಯರ್ ಯುರೋಪು, ಅಮೆರಿಕ ಸುತ್ತಿ ಬಂದರು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ವಿದ್ಯುತ್ ಯಂತ್ರ ಕೊಟ್ಟಿತು. ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯಿಂದ ಟರ್ಬೈನ್ ಬಂತು. 1902ರ ಜೂನ್ 30ರಂದು 92 ಮೈಲಿ ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿಗೆ ದೀಪ ಬಂತು.

ಇಲ್ಲಿ ಮೂರು ಸಂಗತಿ ಗಮನಿಸಿ. ಒಂದು, ಹೊರಗಿನವರನ್ನು ಕರೆದದ್ದು ನಮ್ಮಲ್ಲಿ ಇಲ್ಲದ ಕೌಶಲಕ್ಕೆ. ಎರಡು, ಜಗತ್ತು ಸುತ್ತಿ ನೋಡಿಬಂದವರು ಸರ್ಕಾರದ್ದೇ ಎಂಜಿನಿಯರ್. ಯಾವುದು ಒಳ್ಳೆಯದು ಎಂದು ತೂಗುವ ಬುದ್ಧಿಯನ್ನು ಸರ್ಕಾರ ಬಾಡಿಗೆಗೆ ತರಲಿಲ್ಲ. ಮೂರು, ವಿದ್ಯುತ್ತನ್ನು ಯಾರು ಕೊಳ್ಳುತ್ತಾರೆ ಎಂಬುದನ್ನು ಗಣಿ ಕಂಪನಿಗಳ ಜೊತೆ ಮೊದಲೇ ಒಪ್ಪಂದ ಮಾಡಿಕೊಂಡಿದ್ದರು. ಕೆಲಸ ಮುಗಿದ ಮೇಲೆ ಫಲ ಎಲ್ಲರ ಕಣ್ಣಿಗೂ ಕಂಡಿತು.

ಭದ್ರಾವತಿಯ ಕಥೆ ಅಷ್ಟು ಸಲೀಸಾಗಿರಲಿಲ್ಲ. ಅಲ್ಲಿನ ಕಬ್ಬಿಣದ ಕಾರ್ಖಾನೆಗೆ ನ್ಯೂಯಾರ್ಕಿನ ಸಿ.ಪಿ. ಪೆರಿನ್ ಸಲಹಾ ಎಂಜಿನಿಯರ್. 1923ರಲ್ಲಿ ಉತ್ಪಾದನೆ ಶುರುವಾಯಿತು. ಖರ್ಚು ಏರಿತು, ನಷ್ಟ ಬಂತು, ಟೀಕೆಯೂ ಬಂತು. ಅದೇ ವರ್ಷ ಸರ್. ಎಂ. ವಿಶ್ವೇಶ್ವರಯ್ಯ ಆಡಳಿತ ಮಂಡಳಿಯ ಅಧ್ಯಕ್ಷರಾದರು. ಹೊರದೇಶದವರ ಜಾಗದಲ್ಲಿ ಒಬ್ಬೊಬ್ಬರಾಗಿ ನಮ್ಮವರನ್ನೇ ತಯಾರು ಮಾಡಿದರು. ಹೊರಗಿನವರು ಬಂದರೆ ತಪ್ಪಲ್ಲ, ಅವರು ಹೋಗುವಾಗ ವಿದ್ಯೆ ಇಲ್ಲೇ ಉಳಿಯಬೇಕು ಎಂಬ ಪಾಠ ಭದ್ರಾವತಿಯದು.

ಎಲ್ಲರ ಬಾಯಲ್ಲಿರುವ ಒಂದು ವರದಿ

ಸ್ವಾತಂತ್ರ್ಯದ ನಂತರ ಸರ್ಕಾರಗಳು ಸಲಹೆಗೆ ಹೆಚ್ಚಾಗಿ ಸಮಿತಿ, ಆಯೋಗಗಳನ್ನು ನೆಚ್ಚಿಕೊಂಡವು. ಅವುಗಳಲ್ಲಿ ನಮಗೆಲ್ಲ ಗೊತ್ತಿರುವುದು ಡಾ. ಡಿ.ಎಂ. ನಂಜುಂಡಪ್ಪ ವರದಿ. 2002ರಲ್ಲಿ ಬಂದ ಈ ವರದಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು. ಇಪ್ಪತ್ತು ವರ್ಷ ದಾಟಿದರೂ ವಿಧಾನಸಭೆಯಿಂದ ಹಳ್ಳಿಯ ಕಟ್ಟೆಯವರೆಗೆ ಜನ ಅದರ ಹೆಸರು ಹೇಳಿ ಜಗಳ ಆಡುತ್ತಾರೆ.

ಯಾಕೆ? ವರದಿ ಬಹಿರಂಗವಾಗಿತ್ತು. ಬರೆದವರ ಹೆಸರು ಗೊತ್ತಿತ್ತು. ಯಾವ ಅಳತೆಗೋಲು ಹಿಡಿದು ತಾಲ್ಲೂಕುಗಳನ್ನು ಅಳೆದರು ಎಂದು ಅದರಲ್ಲೇ ಬರೆದಿತ್ತು. ಒಪ್ಪದವರು ಅಂಕಿ ಅಂಶ ಹಿಡಿದೇ ವಾದ ಮಾಡಬಹುದಿತ್ತು. ಈಗ ಕೇಳಿಕೊಳ್ಳಿ, ಕಳೆದ ಹತ್ತು ವರ್ಷದಲ್ಲಿ ಖಾಸಗಿ ಸಲಹಾ ಕಂಪನಿ ನಮ್ಮ ಸರ್ಕಾರಕ್ಕೆ ಬರೆದುಕೊಟ್ಟ ಒಂದೇ ಒಂದು ವರದಿಯ ಹೆಸರು ನಿಮ್ಮ ಊರಿನಲ್ಲಿ ಯಾರಿಗಾದರೂ ಗೊತ್ತೇ?

ಎರಡು ಕಾಯ್ದೆ, ಒಂದು ಕಿಂಡಿ

ಕಾನೂನು ಇಲ್ಲ ಎಂದಲ್ಲ. ಈ ವಿಷಯದಲ್ಲಿ ಕರ್ನಾಟಕ ಮುಂದೆಯೇ ಇತ್ತು. ಸರ್ಕಾರಿ ಖರೀದಿ, ಸೇವೆ, ಕಾಮಗಾರಿಗಳಿಗೆ ಬಹಿರಂಗ ಟೆಂಡರ್ ಕರೆಯಬೇಕು ಎನ್ನುವ ಕೆಟಿಪಿಪಿ ಕಾಯ್ದೆ 1999ರ ಹೆಸರಿನಲ್ಲಿದ್ದು 2000ದಲ್ಲಿ ಜಾರಿಗೆ ಬಂತು. ಅದರ ಹೆಸರಿನಲ್ಲೇ ಪಾರದರ್ಶಕತೆ ಇದೆ. ಕೇಂದ್ರದ ಕಾಯ್ದೆಗಿಂತ ಮೊದಲೇ, 2000ದಲ್ಲೇ, ನಮ್ಮ ರಾಜ್ಯ ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿತ್ತು.

ಇದರ ಹಿಂದೆ ಹಳ್ಳಿಯವರ ಹೋರಾಟವೂ ಇದೆ. 1994ರಲ್ಲಿ ರಾಜಸ್ಥಾನದ ಹಳ್ಳಿಗಳಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಜನಸುನವಾಯಿ ಶುರು ಮಾಡಿದರು. ಕೂಲಿ ಹಾಜರಾತಿ ಪುಸ್ತಕವನ್ನು ಊರ ನಡುವೆ ಜೋರಾಗಿ ಓದಿದರು. ಸತ್ತವರ ಹೆಸರಿಗೂ ಕೂಲಿ ಬರೆದದ್ದು ಹೊರಬಿತ್ತು. ಆ ಚಳವಳಿ ಬೆಳೆದು ದೇಶದ ಮಾಹಿತಿ ಹಕ್ಕು ಕಾಯ್ದೆಯಾಯಿತು. ಅದು 2005ರ ಅಕ್ಟೋಬರ್ 12ರಂದು ಪೂರ್ತಿಯಾಗಿ ಜಾರಿಗೆ ಬಂತು.

ಆ ಕಾಯ್ದೆಯ ಸೆಕ್ಷನ್ 2(ಎಫ್) ಓದಿ ನೋಡಿ. ‘ಮಾಹಿತಿ’ ಎಂದರೆ ಏನೇನು ಎಂದು ಅಲ್ಲಿ ಪಟ್ಟಿ ಇದೆ. ದಾಖಲೆ, ಇ-ಮೇಲ್, ಆದೇಶಗಳ ಜೊತೆಗೆ ಅಭಿಪ್ರಾಯ, ಸಲಹೆ, ಕರಾರು, ವರದಿ ಎಂಬ ಪದಗಳೂ ಇವೆ. ಅಂದರೆ ಕನ್ಸಲ್ಟೆಂಟ್ ಜೊತೆಗಿನ ಕರಾರು, ಅವರು ಕೊಟ್ಟ ಸಲಹೆ, ಬರೆದ ವರದಿ ಎಲ್ಲವೂ ಮಾಹಿತಿಯೇ. ಯಾರೂ ಅರ್ಜಿ ಹಾಕದಿದ್ದರೂ ಇಲಾಖೆಯ ಬಜೆಟ್, ಯೋಜನೆ, ಖರ್ಚಿನ ವಿವರಗಳನ್ನು ತಾನಾಗಿಯೇ ಪ್ರಕಟಿಸಬೇಕು ಎಂದು ಸೆಕ್ಷನ್ 4 ಹೇಳುತ್ತದೆ.

ಹಾಗಾದರೆ ಕಿಂಡಿ ಎಲ್ಲಿದೆ? ಒಂದು, ಕೆಟಿಪಿಪಿ ಕಾಯ್ದೆಯ ಸೆಕ್ಷನ್ 4(ಜಿ). ಸರ್ಕಾರ ಅಧಿಸೂಚನೆ ಹೊರಡಿಸಿ ಯಾವುದಾದರೂ ನಿರ್ದಿಷ್ಟ ಖರೀದಿಗೆ ಟೆಂಡರ್‌ನಿಂದ ವಿನಾಯಿತಿ ಕೊಡಬಹುದು. ಪತ್ರಿಕೆಗಳಲ್ಲಿ ‘4ಜಿ ವಿನಾಯಿತಿ’ ಎಂದು ಮತ್ತೆ ಮತ್ತೆ ಬರುವುದು ಇದೇ. ತುರ್ತಿಗೆ ಇಟ್ಟ ಬಾಗಿಲು ಅಭ್ಯಾಸದ ದಾರಿಯಾಗಬಾರದು. ಎರಡು, ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(1)(ಡಿ). ವ್ಯಾಪಾರದ ಗುಟ್ಟು ಎಂಬ ಕಾರಣ ಕೊಟ್ಟು ಕಂಪನಿಗೆ ಸಂಬಂಧಿಸಿದ ಮಾಹಿತಿ ನಿರಾಕರಿಸಬಹುದು. ಆದರೆ ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ಕೊಡಲೇಬೇಕು ಎಂದು ಅದೇ ಸೆಕ್ಷನ್ ಹೇಳುತ್ತದೆ. ಈ ಎರಡನೇ ಸಾಲನ್ನು ಕಚೇರಿಗಳಲ್ಲಿ ಯಾರೂ ನಮಗೆ ಓದಿ ಹೇಳುವುದಿಲ್ಲ.

ಫೈಲು ತೆರೆದಾಗ ಏನಾಯಿತು

ಫೈಲು ತೆರೆದರೆ ಏನಾಗುತ್ತದೆ ಎಂಬುದಕ್ಕೆ ದೆಹಲಿಯಲ್ಲಿ ಒಂದು ಉದಾಹರಣೆ ಇದೆ. ಅಲ್ಲಿನ ಜಲ ಮಂಡಳಿ ವಿಶ್ವಬ್ಯಾಂಕ್ ಸಾಲದಲ್ಲಿ ನೀರು ಸರಬರಾಜು ಬದಲಿಸಲು ಹೊರಟಿತ್ತು. ಅದಕ್ಕೊಬ್ಬ ಕನ್ಸಲ್ಟೆಂಟ್ ಬೇಕಿತ್ತು. ಪರಿವರ್ತನ್ ಎಂಬ ಸಂಘಟನೆ ದೆಹಲಿಯ ಮಾಹಿತಿ ಹಕ್ಕು ಕಾಯ್ದೆಯಡಿ ಸಾವಿರಾರು ಪುಟಗಳ ದಾಖಲೆ ಪಡೆಯಿತು. ಮೊದಲ ಸುತ್ತಿನ ಪಟ್ಟಿಯಲ್ಲಿ ಹಿಂದೆ ಬಿದ್ದಿದ್ದ ಪ್ರೈಸ್‌ವಾಟರ್‌ಹೌಸ್‌ಕೂಪರ್ಸ್ ಕಂಪನಿಯೇ ಕೊನೆಗೆ ಆಯ್ಕೆಯಾಗಿತ್ತು. ನಡುವೆ ಬ್ಯಾಂಕಿನಿಂದ ಬಂದ ಪತ್ರಗಳು ಹೊರಬಿದ್ದವು. ತಾನು ಒತ್ತಡ ಹೇರಲಿಲ್ಲ ಎಂದು ಬ್ಯಾಂಕ್ ಹೇಳಿತು. ಚರ್ಚೆ ಬೀದಿಗೆ ಬಂತು. 2005ರ ಕೊನೆಗೆ ದೆಹಲಿ ಸರ್ಕಾರ ಸಾಲದ ಅರ್ಜಿಯನ್ನೇ ಹಿಂತೆಗೆದುಕೊಂಡಿತು.

ಈಗ ನಮ್ಮ ರಾಜ್ಯಕ್ಕೆ ಬರೋಣ. 2024ರ ಜೂನ್‌ನಲ್ಲಿ ಎರಡು ಸುದ್ದಿ ಒಟ್ಟಿಗೆ ಬಂದವು. ಪೆಟ್ರೋಲ್, ಡೀಸೆಲ್ ಮೇಲಿನ ತೆರಿಗೆ ಏರಿ ಲೀಟರಿಗೆ ಸುಮಾರು 3 ರೂಪಾಯಿ ಹೆಚ್ಚಾಯಿತು. ಸರ್ಕಾರದ ವರಮಾನ ಹೆಚ್ಚಿಸುವ ದಾರಿ ಹುಡುಕಲು ಬೋಸ್ಟನ್ ಕನ್ಸಲ್ಟಿಂಗ್ ಗ್ರೂಪ್ ಕಂಪನಿಯನ್ನು ಸುಮಾರು 9.5 ಕೋಟಿ ರೂಪಾಯಿಗೆ ನೇಮಿಸಿಕೊಂಡಿರುವುದೂ ವರದಿಯಾಯಿತು. ಆ ವರ್ಷ ಉದ್ಯೋಗ ಖಾತರಿ ಕೂಲಿ ದಿನಕ್ಕೆ 349 ರೂಪಾಯಿ. ಲೆಕ್ಕ ಹಾಕಿ. 9.5 ಕೋಟಿ ಎಂದರೆ ಸುಮಾರು 2.72 ಲಕ್ಷ ದಿನದ ಕೂಲಿ. 2,700 ಕುಟುಂಬಗಳಿಗೆ ತಲಾ ನೂರು ದಿನದ ಕೆಲಸ.

ಆ ಸಲಹೆ ಪ್ರಯೋಜನವಿಲ್ಲದ್ದು ಎಂದು ನಾವು ಹೇಳುತ್ತಿಲ್ಲ. ಒಳ್ಳೆಯ ಸಲಹೆಯಿಂದ ಖಜಾನೆಗೆ ಅದರ ನೂರು ಪಟ್ಟು ಬರಲೂಬಹುದು. ನಮ್ಮ ಪ್ರಶ್ನೆ ಬೇರೆ. ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಇದೆ. ಹಣಕಾಸು ಇಲಾಖೆಯ ಅಡಿಯಲ್ಲೇ ವಿತ್ತೀಯ ಕಾರ್ಯನೀತಿ ಸಂಸ್ಥೆ ಇದೆ. ಇವರಿಂದ ಆಗದ ಯಾವ ಕೆಲಸಕ್ಕೆ ಹೊರಗಿನವರು ಬೇಕಾದರು? ಕೊಟ್ಟ ಹಣಕ್ಕೆ ಯಾವ ಸಲಹೆ ಬಂತು? ಯಾವುದನ್ನು ಒಪ್ಪಿದರು, ಯಾವುದನ್ನು ಬಿಟ್ಟರು? ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಜನರ ಮುಂದಿಟ್ಟರೆ ಅನುಮಾನಕ್ಕೆ ಜಾಗವೇ ಇರುವುದಿಲ್ಲ.

ಫೈಲು ಓದದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಸುರಂಗ ರಸ್ತೆ ನೋಡಿ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಈ ಯೋಜನೆಯ ಡಿಪಿಆರ್‌ಗೆ 9 ಕೋಟಿಗೂ ಹೆಚ್ಚು ಹಣ ಗೊತ್ತುಮಾಡಿದ್ದರು. ಆ ವರದಿಯಲ್ಲಿ ಮಹಾರಾಷ್ಟ್ರದ ಮಾಲೆಗಾಂವ್, ನಾಸಿಕ್ ಊರುಗಳ ಹೆಸರು ಕಾಣಿಸಿಕೊಂಡಿತು. ಮಾಧ್ಯಮದಲ್ಲಿ ಸುದ್ದಿಯಾದ ಮೇಲೆ ಪಾಲಿಕೆ ಕಂಪನಿಗೆ 5 ಲಕ್ಷ ದಂಡ ಹಾಕಿತು. ನಮ್ಮೂರಿನಲ್ಲಿ ಶಾಲೆಯ ಹುಡುಗ ಪಕ್ಕದವನ ಉತ್ತರ ನೋಡಿ ಬರೆಯುವಾಗ ಅವನ ಹೆಸರನ್ನೂ ಬರೆದರೆ ಮೇಷ್ಟ್ರು ಸುಮ್ಮನಿರುತ್ತಾರೆಯೇ? ಇಲ್ಲಿ ಮೇಷ್ಟ್ರ ಕೆಲಸ ಮಾಡಿದ್ದು, ವರದಿ ಹೊರಗೆ ಬಂದು ಅದನ್ನು ಓದಿದ ಜನ.

ಇದು ಬರೀ ಕರ್ನಾಟಕದ ಕಥೆಯಲ್ಲ. ಕೇಂದ್ರದ 16 ಸಚಿವಾಲಯಗಳು ಐದು ವರ್ಷದಲ್ಲಿ ಐದು ದೊಡ್ಡ ಸಲಹಾ ಕಂಪನಿಗಳಿಗೆ 500 ಕೋಟಿಗೂ ಹೆಚ್ಚು ಕೊಟ್ಟಿವೆ ಎಂದು 2023ರಲ್ಲಿ ‘ಇಂಡಿಯನ್ ಎಕ್ಸ್‌ಪ್ರೆಸ್’ ಪತ್ರಿಕೆ ಮಾಹಿತಿ ಹಕ್ಕಿನ ಮೂಲಕವೇ ತಿಳಿದು ಬರೆಯಿತು. ಫ್ರಾನ್ಸಿನಲ್ಲಿ 2021ರ ಒಂದೇ ವರ್ಷ ಸರ್ಕಾರ ಸಲಹಾ ಕಂಪನಿಗಳಿಗೆ 100 ಕೋಟಿ ಯೂರೋಗೂ ಹೆಚ್ಚು ಖರ್ಚು ಮಾಡಿದ್ದನ್ನು ಅಲ್ಲಿನ ಸೆನೆಟ್ ಬಯಲಿಗೆಳೆಯಿತು. ಆಸ್ಟ್ರೇಲಿಯಾದಲ್ಲಿ ತೆರಿಗೆ ಕಾನೂನು ರೂಪಿಸಲು ಸರ್ಕಾರಕ್ಕೆ ಸಲಹೆ ಕೊಡುತ್ತಿದ್ದ ಕಂಪನಿಯವರು ಆ ಗುಟ್ಟನ್ನು ತಮ್ಮ ವ್ಯಾಪಾರಕ್ಕೆ ಬಳಸಿಕೊಂಡದ್ದು 2023ರಲ್ಲಿ ದೊಡ್ಡ ಹಗರಣವಾಯಿತು.

ನಮ್ಮ ನಲ್ಲಿಯವರೆಗೂ ಬರುತ್ತದೆ

ಇದೆಲ್ಲ ಬೆಂಗಳೂರು, ದೆಹಲಿಯ ಮಾತು, ನಮಗೇನು ಎನ್ನಬೇಡಿ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ ಮಾರ್ಗಸೂಚಿಯನ್ನೇ ನೋಡಿ. ಪೈಪು, ಟ್ಯಾಂಕಿಗೆ ಹಣ ಇರುವ ಹಾಗೆ, ಜನರನ್ನು ಸಂಘಟಿಸುವುದು, ತರಬೇತಿ ಕೊಡುವುದು ಮುಂತಾದ ಬೆಂಬಲ ಕೆಲಸಗಳಿಗೆ ಶೇ. 5ರವರೆಗೆ ಹಣ ಇಡಲು ಅವಕಾಶ ಇದೆ. ಊರಿನ ಜೊತೆ ಕುಳಿತು ಗ್ರಾಮ ಕ್ರಿಯಾ ಯೋಜನೆ ಮಾಡಿಸಲು ಅನುಷ್ಠಾನ ಬೆಂಬಲ ಸಂಸ್ಥೆ ಇರುತ್ತದೆ. ಕೆಲಸದ ಗುಣಮಟ್ಟ ನೋಡಲು ಮೂರನೇ ವ್ಯಕ್ತಿಯ ತಪಾಸಣಾ ಸಂಸ್ಥೆ ಇರುತ್ತದೆ. ಇವರೆಲ್ಲ ಹೊರಗಿನವರೇ. ಅವರಿಗೆ ಹಣ ಹೋಗುವುದು ನಿಮ್ಮ ಊರಿನ ಹೆಸರಿನಲ್ಲಿ.

ನಲ್ಲಿ ಹಾಕಿದ ಮೇಲೂ ನೀರು ಬರುವುದಿಲ್ಲ ಎಂದರೆ ನಾವು ಮೊದಲು ಬೈಯುವುದು ವಾಟರ್‌ಮ್ಯಾನ್‌ನನ್ನು, ಆಮೇಲೆ ಪಿಡಿಒ ಅವರನ್ನು. ಆ ಊರಿಗೆ ಎಷ್ಟು ನೀರು ಸಿಗುತ್ತದೆ, ಬೇಸಿಗೆಯಲ್ಲಿ ಕೊಳವೆಬಾವಿ ನಿಲ್ಲುತ್ತದೆಯೇ ಎಂದು ಮೊದಲೇ ನೋಡಿ ಬರೆದವರು ಯಾರು? ಪೋಡಿಗೆ ಬಂದು ಕೇಳಿ ಬರೆದರೇ, ಕುಳಿತಲ್ಲೇ ಬರೆದರೇ? ಆ ಕಾಗದ ನೋಡದೆ ನಮ್ಮ ಬೈಗುಳ ಸರಿಯಾದ ಮನೆ ಮುಟ್ಟುವುದಿಲ್ಲ.

ಪುಣಜನೂರು ಚೆಕ್‌ಪೋಸ್ಟಿನಲ್ಲಿ ಒಂದು ಟೊಮೆಟೊ ಗಾಡಿಯೂ ಕಾಗದ ತೋರಿಸದೆ ಮುಂದೆ ಹೋಗುವ ಹಾಗಿಲ್ಲ. ನಮ್ಮ ಹೆಸರಿನಲ್ಲಿ ಬರೆದ ವರದಿಗೂ ಅಷ್ಟೇ ತಪಾಸಣೆ ಇರಲಿ ಎನ್ನುವುದು ಅತಿಯಾಸೆಯಲ್ಲ.

ನೀವು ಏನು ಕೇಳಬಹುದು

ಗ್ರಾಮಸಭೆಯಲ್ಲಿ, ಜಮಾಬಂದಿಯಲ್ಲಿ ಈ ಐದು ಪ್ರಶ್ನೆ ಕೇಳಿ. ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ.

1. ಈ ಯೋಜನೆಯ ವರದಿ ಬರೆದ ಸಂಸ್ಥೆ ಯಾವುದು? ಅದನ್ನು ಟೆಂಡರ್ ಮೂಲಕ ಆಯ್ಕೆ ಮಾಡಿದರೇ, ವಿನಾಯಿತಿ ಕೊಟ್ಟು ಮಾಡಿದರೇ?

2. ಅವರಿಗೆ ವಹಿಸಿದ ಕೆಲಸ ಏನು? ಕಾರ್ಯಾದೇಶದ ಮತ್ತು ಕರಾರಿನ ಪ್ರತಿ ಕೊಡಿ.

3. ಈವರೆಗೆ ಎಷ್ಟು ಹಣ, ಯಾವ ದಿನಾಂಕದಂದು ಕೊಟ್ಟಿದ್ದೀರಿ?

4. ಅವರು ಕೊಟ್ಟ ವರದಿಯ ಪ್ರತಿ ಕೊಡಿ. ನಮ್ಮ ಊರಿನ ಪುಟಗಳಾದರೂ ಸಾಕು.

5. ವರದಿಯನ್ನು ಪರಿಶೀಲಿಸಿ ಒಪ್ಪಿದ ಅಧಿಕಾರಿಯ ಹುದ್ದೆ ಯಾವುದು? ಅವರು ಬರೆದ ಟಿಪ್ಪಣಿ ಏನು?

ಅರ್ಜಿ ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ, ಕಾರ್ಡಿನ ಜೆರಾಕ್ಸ್ ಇಡಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. ಮೇಲಿನ ಐದು ಪ್ರಶ್ನೆಯೂ ಅಷ್ಟರೊಳಗೆ ಹಿಡಿಸುತ್ತವೆ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಮತ್ತೆ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. ಕಾರಣವಿಲ್ಲದೆ ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25 ಸಾವಿರದವರೆಗೆ ಆಯೋಗ ದಂಡ ಹಾಕಬಹುದು. ‘ವ್ಯಾಪಾರದ ಗುಟ್ಟು’ ಎಂದು ಹಿಂಬರಹ ಬಂದರೆ ಹೆದರಬೇಡಿ. ಸಾರ್ವಜನಿಕ ಹಣದಿಂದ ಬರೆಸಿದ ವರದಿ, ಸಾರ್ವಜನಿಕ ಹಿತಕ್ಕಾಗಿ ಕೇಳುತ್ತಿದ್ದೇವೆ ಎಂದು ಮೇಲ್ಮನವಿಯಲ್ಲಿ ಬರೆಯಿರಿ.

ಸರ್ಕಾರಕ್ಕೆ ನಮ್ಮ ಕೋರಿಕೆಯೂ ದೊಡ್ಡದೇನಲ್ಲ. ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ ಯೋಜನೆಗಳ ಮೌಲ್ಯಮಾಪನ ವರದಿಗಳನ್ನು ತನ್ನ ಜಾಲತಾಣದಲ್ಲಿ ಹಾಕುತ್ತದೆ. ಹಾಗೆಯೇ ಪ್ರತಿ ಇಲಾಖೆ ವರ್ಷಕ್ಕೊಮ್ಮೆ ತಾನು ನೇಮಿಸಿಕೊಂಡ ಕನ್ಸಲ್ಟೆಂಟ್‌ಗಳ ಪಟ್ಟಿ, ಕೊಟ್ಟ ಹಣ, ಬಂದ ವರದಿಗಳನ್ನು ಕನ್ನಡದಲ್ಲಿ ಹಾಕಲಿ. 1881ರಲ್ಲಿ ಮತದಾನದ ಹಕ್ಕೇ ಇಲ್ಲದ ಪ್ರಜೆಗಳ ಮುಂದೆ ದಿವಾನರು ನಿಂತು ಲೆಕ್ಕ ಓದಿದರು. ಈಗ ಮತ ಹಾಕಿ ಸರ್ಕಾರ ಮಾಡುವವರು ನಾವೇ.

ಮುಂದಿನ ಜಮಾಬಂದಿಗೆ ನೋಟಿಸ್ ಬೋರ್ಡಿನಲ್ಲಿ ದಿನಾಂಕ ಬಂದಾಗ ಈ ಐದು ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬಂದ ಉತ್ತರವನ್ನು, ಬಾರದ ಉತ್ತರವನ್ನೂ, ನಮಗೆ ಕಳಿಸಿ. ಊರಿನ ಹೆಸರು ಹಾಕಿ ಪ್ರಕಟಿಸುತ್ತೇವೆ.